ಗಂಟಲ ನರದ ನೋವಿಗೆ ಎರಡು ಮಾತ್ರೆ, ಒಂದು ಆಪರೇಷನ್

ಮೊದಲ ಸಲ ಬಂದಿದ್ದು ತಂಬುಳಿ ಅನ್ನ ಉಣ್ಣುವಾಗ. ನಾಲಿಗೆಯ ಬುಡದಿಂದ ಎಡಗಿವಿಯ ಒಳಕ್ಕೆ ಕರೆಂಟ್ ಹೊಡೆದ ಹಾಗಾಯಿತು. ಅರ್ಧ ನಿಮಿಷದಲ್ಲಿ ಹೋಯಿತು. ಮುಂದಿನ ತುತ್ತು ನುಂಗಿದರೆ ಮತ್ತೆ ಅದೇ. ತೀರ್ಥಹಳ್ಳಿ ಕಡೆಯ ಶಾಲೆಯೊಂದರಲ್ಲಿ ಪಾಠ ಹೇಳುವವಳು ನಾನು. ಆಕಳಿಸಿದರೂ, ಜೋರಾಗಿ ಪದ್ಯ ಓದಿದರೂ ನೋವು ಬರತೊಡಗಿತು.

ಹಲ್ಲಿನದೇ ಇರಬೇಕು ಅಂತ ಒಬ್ಬರು ದವಡೆ ಹಲ್ಲು ಕಿತ್ತರು. ಸರಿಯಿದ್ದ ಹಲ್ಲು ಅದು. ಇನ್ನೊಬ್ಬರು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮುಖದ ಕಡೆಯ ನರದ ನೋವು ಎಂದರು. ಆದರೆ ಆ ನೋವು ಕೆನ್ನೆ, ಹಲ್ಲಿನ ಕಡೆ ಬರುವಂಥದ್ದು, ಮುಖ ತೊಳೆದರೂ ಹೊಡೆಯುತ್ತದೆ. ನನಗೆ ಕೆನ್ನೆ ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ಕೊನೆಗೆ ಶಿವಮೊಗ್ಗದಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರೊಬ್ಬರು ಟಾನ್ಸಿಲ್ ಹತ್ತಿರ ಮರಗಟ್ಟಿಸುವ ಸ್ಪ್ರೇ ಹೊಡೆದರು. "ಈಗ ನೀರು ಕುಡೀರಿ ನೋಡೋಣ" ಅಂದರು. ನೀರು ಸಲೀಸಾಗಿ ಇಳಿಯಿತು. ಅಲ್ಲೇ ಅತ್ತುಬಿಟ್ಟೆ. ಗಂಟಲು ಮರಗಟ್ಟಿದಾಗ ನೋವು ನಿಂತಿದ್ದರಿಂದ ಕಾಯಿಲೆ ಗೊತ್ತಾಯಿತು. ಇದು ಗ್ಲೋಸೋಫೆರಿಂಜಿಯಲ್ ನ್ಯೂರಾಲ್ಜಿಯಾ, ಅಂದರೆ ಗಂಟಲಿಗೆ ಬರುವ, ತಲೆಯ ಒಂಬತ್ತನೇ ನರದ ನೋವು. ಹೀಗೆ ನುಂಗುವಾಗ ನೋಯುವವರು ಹಲ್ಲು ಕೀಳಿಸುವ ಮುಂಚೆ ಈ ಪರೀಕ್ಷೆಯ ಬಗ್ಗೆ ದಯವಿಟ್ಟು ಕೇಳಿ.

ಮೊದಲು ಕೊಟ್ಟಿದ್ದು ಕಾರ್ಬಮಜೆಪಿನ್. ನೋವು ನಿಲ್ಲಿಸುವುದರಲ್ಲಿ ಇದಕ್ಕೇ ಹೆಚ್ಚು ಅಂಕ. ಮೂರನೇ ದಿನಕ್ಕೇ ಗಂಜಿ ಬಿಟ್ಟು ಅನ್ನ ಉಂಡೆ. ಆದರೆ ಡೋಸ್ ಏರಿದ ಹಾಗೆ ತಲೆ ತಿರುಗಿತು, ಮಕ್ಕಳ ಹೆಸರೇ ಮರೆಯತೊಡಗಿತು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, 126ಕ್ಕೆ ಇಳಿದಿತ್ತು. ಕನಿಷ್ಠ 135 ಇರಬೇಕಿತ್ತು. ಈ ಮಾತ್ರೆ ತಗೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು. ಮೈಮೇಲೆ ಗುಳ್ಳೆ ಎದ್ದರೆ ಅವತ್ತೇ ಡಾಕ್ಟರ ಹತ್ತಿರ ಓಡಬೇಕು.

ಡಾಕ್ಟರು ಅದನ್ನು ನಿಧಾನವಾಗಿ ಇಳಿಸಿ ಗ್ಯಾಬಪೆಂಟಿನ್‌ಗೆ ಬದಲಿಸಿದರು. ಸೋಡಿಯಂ ಸರಿಹೋಯಿತು. ಹಗಲೆಲ್ಲ ತೂಕಡಿಕೆ, ಕಾಲು ಸ್ವಲ್ಪ ಊತ. ನೋವು ಅರ್ಧ ಮಾತ್ರ ಇಳಿಯಿತು.

ಒಂದು ದಿನ ಕಷಾಯ ಕುಡಿಯುತ್ತಾ ನೋವು ಬಂದು, ಕಣ್ಣು ಕತ್ತಲೆಗಟ್ಟಿ ಬಿದ್ದೆ. ಈ ನರಕ್ಕೆ ಹೃದಯದ ಬಡಿತದ ಜೊತೆಗೂ ನಂಟಿದೆ. ಕೆಲವರಿಗೆ ನೋವು ಬಂದಾಗ ಬಡಿತವೇ ನಿಧಾನವಾಗುತ್ತದಂತೆ. ನಮ್ಮನೆಯವರು ಹೆದರಿಹೋದರು. ಆಪರೇಷನ್ನಿಗೆ ಒಪ್ಪಿದ್ದು ಆಗಲೇ.

ಎಂಆರ್‌ಐಯಲ್ಲಿ ರಕ್ತನಾಳವೊಂದು ನರಕ್ಕೆ ಒತ್ತಿಕೊಂಡಿದ್ದು ಕಂಡಿತ್ತು. ಬೆಂಗಳೂರಿನಲ್ಲಿ ಕಿವಿಯ ಹಿಂದೆ ತಲೆಬುರುಡೆ ತೆರೆದು, ಎರಡರ ನಡುವೆ ಟೆಫ್ಲಾನ್ ತುಣುಕು ಇಟ್ಟರು. ಮೈಕ್ರೋವ್ಯಾಸ್ಕುಲರ್ ಡಿಕಂಪ್ರೆಷನ್ ಅನ್ನುತ್ತಾರೆ. ಸಣ್ಣ ಆಪರೇಷನ್ ಅಲ್ಲ. ನುಂಗೋದು ಕಷ್ಟವಾಗಬಹುದು, ದನಿ ಕೂರಬಹುದು ಎಂದು ಮೊದಲೇ ಹೇಳಿದ್ದರು. ನನಗೆ ಆರು ವಾರ ದನಿ ಗೊಗ್ಗರಾಗಿತ್ತು, ನೀರು ಕುಡಿದರೆ ಕೆಮ್ಮು. ಖರ್ಚೂ ಜಾಸ್ತಿ. ಆದರೆ ಎಚ್ಚರವಾದ ಮೇಲೆ ಆ ನೋವು ಮತ್ತೆ ಬಂದಿಲ್ಲ.

ಈಗಲೂ ಯಾರಾದರೂ ಕೇಳಿದರೆ ಮೊದಲು ಮಾತ್ರೆಯನ್ನೇ ನೋಡಿ ಅನ್ನುತ್ತೇನೆ. ಕಡಿಮೆ ಡೋಸ್‌ನಲ್ಲೇ ಹಿಡಿತಕ್ಕೆ ಬಂದರೆ ತಲೆ ತೆರೆಸುವುದು ಯಾಕೆ ಅಲ್ವಾ? ನನಗೆ ಬರಲಿಲ್ಲ. ಮಾತ್ರೆ ಪೂರ್ತಿ ನಿಂತು ಈಗ ಎಂಟು ತಿಂಗಳು. ಜೂನ್‌ನಲ್ಲಿ ಶಾಲೆ ತೆರೆದಾಗ, ಹೆಂಚಿನ ಮೇಲೆ ಮಳೆ ಸುರಿಯುತ್ತಿರುವಾಗಲೇ, ಹಿಂದಿನ ಬೆಂಚಿಗೂ ಕೇಳುವ ಹಾಗೆ ಪದ್ಯ ಓದಿದೆ.