ಮಾರ್ಕ್‌ಡೌನ್‌ನಲ್ಲಿ ಕನ್ನಡ ಬರೆಯುವವರಿಗೆ ಪ್ಯಾಂಡಾಕ್‌ನ ಪದ ಎಣಿಕೆ ಹೇಗಿದೆ?

ಲೇಖನ 800 ಪದ ದಾಟಬಾರದು ಅಂತ ಸಂಪಾದಕರು ಹೇಳುತ್ತಾರೆ. ಯಾರ ಲೆಕ್ಕದ 800? ಒಂದೇ ಫೈಲನ್ನು ಬೇರೆ ಬೇರೆ ಕಡೆ ಹಾಕಿ ನೋಡಿ, ಬೇರೆ ಬೇರೆ ಸಂಖ್ಯೆ ಬರುತ್ತದೆ. ಗೂಗಲ್ ಡಾಕ್ಸ್ ಅಡಿಟಿಪ್ಪಣಿಗಳನ್ನು ಎಣಿಸುವುದಿಲ್ಲ, ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಎಣಿಸಬೇಕೋ ಬೇಡವೋ ಎಂದು ನಾವೇ ಟಿಕ್ ಹಾಕಬಹುದು. ನಾನು ಬರೆಯುವುದೆಲ್ಲ #, - ಥರದ ಗುರುತುಗಳಿಂದಲೇ ಶೀರ್ಷಿಕೆ, ಪಟ್ಟಿ ತೋರಿಸುವ ಸರಳ ಬರಹ ವಿಧಾನವಾದ ಮಾರ್ಕ್‌ಡೌನ್‌ನಲ್ಲಿ, ಎಣಿಸುವುದು ಪ್ಯಾಂಡಾಕ್‌ನಲ್ಲಿ. ಕನ್ನಡಕ್ಕೆ ಅದು ಎಷ್ಟು ಸರಿಹೋಗುತ್ತದೆ ಅಂತ ಹೇಳಬೇಕು ಅನ್ನಿಸಿತು.

ಪ್ಯಾಂಡಾಕ್ ಉಚಿತ ಸಾಫ್ಟ್‌ವೇರ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿರುವ ಜಾನ್ ಮ್ಯಾಕ್‌ಫಾರ್ಲೇನ್ 2006ರಲ್ಲಿ ಶುರು ಮಾಡಿದ್ದು. ಇದರ ಮುಖ್ಯ ಕೆಲಸ ಒಂದು ಬಗೆಯ ಫೈಲನ್ನು ಇನ್ನೊಂದು ಬಗೆಗೆ ಬದಲಾಯಿಸುವುದು. ಆದರೆ ಇದರ ಕೈಪಿಡಿಯಲ್ಲೇ ಪದ ಎಣಿಸುವ ಒಂದು ಪುಟ್ಟ ಲುವಾ ಫಿಲ್ಟರ್ (ಲುವಾ ಎಂಬ ಭಾಷೆಯಲ್ಲಿ ಬರೆದ, ಪ್ಯಾಂಡಾಕ್ ಒಳಗೇ ಓಡುವ ಚಿಕ್ಕ ಪ್ರೋಗ್ರಾಮ್) ಇದೆ. ಅದನ್ನು ನಕಲು ಮಾಡಿ ಒಂದು ಫೈಲಿನಲ್ಲಿ ಇಟ್ಟುಕೊಂಡರೆ ಸಾಕು. ಮಾರ್ಕ್‌ಡೌನ್ ಇರಲಿ, ವರ್ಡ್ ಫೈಲ್ ಇರಲಿ, ಲಿಬ್ರೆ ಆಫೀಸ್ ಫೈಲ್ ಇರಲಿ, ಎಲ್ಲಕ್ಕೂ ಅದೇ ಫಿಲ್ಟರ್, ಅದೇ ಲೆಕ್ಕ.

ಲಿನಕ್ಸ್‌ನಲ್ಲಿ ಪದ ಎಣಿಸುವ ಡಬ್ಲ್ಯುಸಿ (wc) ಇದೆಯಲ್ಲ ಅಂತ ಕೇಳಬಹುದು. 1971ರ ಮೊದಲ ಯೂನಿಕ್ಸ್‌ನಿಂದಲೂ ಇರುವ ಆಜ್ಞೆ ಅದು, ಇವತ್ತಿಗೂ ಗಟ್ಟಿಯಾಗಿದೆ. ಆದರೆ ಅದಕ್ಕೆ ಗೊತ್ತಿರುವುದು ಖಾಲಿ ಜಾಗ ಮಾತ್ರ. ಶೀರ್ಷಿಕೆಯ ಮುಂದಿನ # ಒಂದು ಪದ, ಪಟ್ಟಿಯ ಪ್ರತಿ ಸಾಲಿನ - ಒಂದು ಪದ, ಕೋಷ್ಟಕದ ಗೀಟುಗಳೆಲ್ಲ ಪದ. ನಮಗೆ ನಾವೇ ಬರೆದುಕೊಂಡ ಕಾಮೆಂಟ್‌ಗಳೂ ಲೆಕ್ಕಕ್ಕೆ ಬರುತ್ತವೆ. ಪ್ಯಾಂಡಾಕ್ ಮೊದಲು ದಾಖಲೆಯ ರಚನೆಯನ್ನು ಅರ್ಥಮಾಡಿಕೊಳ್ಳುತ್ತದೆ, ಆಮೇಲೆ ಓದುಗರಿಗೆ ಕಾಣುವ ಮಾತುಗಳನ್ನು ಎಣಿಸುತ್ತದೆ. ಕೋಷ್ಟಕ, ಪಟ್ಟಿ ಜಾಸ್ತಿ ಇರುವ ಲೇಖನದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಬ್ರೌಸರ್‌ನಲ್ಲಿ ಸಿಗುವ ಎಣಿಕೆ ಪುಟಗಳ ಬಗ್ಗೆ ಎಚ್ಚರ ಇರಲಿ. ಜಾವಾಸ್ಕ್ರಿಪ್ಟ್‌ನಲ್ಲಿ \w ಎಂಬ ಗುರುತಿನಿಂದ ಪದ ಹುಡುಕಿದರೆ ಇಂಗ್ಲಿಷ್ ಅಕ್ಷರ, ಅಂಕಿಗಳಂಥವು ಮಾತ್ರ ಸಿಗುತ್ತವೆ, ಕನ್ನಡ ಪದಗಳಿಗೆ ಸೊನ್ನೆ. ಪೈಥಾನ್‌ನಲ್ಲಿ ಅದೇ ಗುರುತು ಇನ್ನೊಂದು ರೀತಿ ಕೆಡುತ್ತದೆ: ಗುಣಿತದ ಚಿಹ್ನೆ, ಒತ್ತಕ್ಷರಗಳ ನಡುವಿನ ಹಲಂತ ಇವೆಲ್ಲ ಅದಕ್ಕೆ ಅಕ್ಷರವೇ ಅಲ್ಲ, ಹಾಗಾಗಿ 'ಕನ್ನಡ' ಎಂಬುದು 'ಕನ' ಮತ್ತು 'ನಡ' ಎಂದು ಎರಡು ತುಂಡಾಗಿ ಎರಡು ಪದ ಅನ್ನಿಸಿಕೊಳ್ಳುತ್ತದೆ. ನಮ್ಮ ಭಾಷೆಯನ್ನು ಯಾರೂ ಪರೀಕ್ಷಿಸಿ ನೋಡಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಬೇಸರದ ವಿಷಯ ಇದು.

ಪ್ಯಾಂಡಾಕ್‌ನ ಫಿಲ್ಟರ್‌ನಲ್ಲಿ ಈ ತೊಂದರೆ ಇಲ್ಲ. ಹಾಗಂತ ಕುಂದೇ ಇಲ್ಲ ಎಂದಲ್ಲ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುತ್ತವೆ ಅಲ್ವಾ. 'ಮೈಸೂರಿನಲ್ಲಿ' ಎಂಬ ಪದದ 'ಮೈಸೂರಿ' ಮಾತ್ರ ದಪ್ಪಕ್ಷರದಲ್ಲಿಟ್ಟು, ಅಥವಾ ಅದಕ್ಕೆ ಲಿಂಕ್ ಕೊಟ್ಟು, 'ನಲ್ಲಿ' ಭಾಗವನ್ನು ಹೊರಗೆ ಬಿಟ್ಟರೆ ಫಿಲ್ಟರ್ ಅದನ್ನು ಎರಡು ಪದ ಅಂತ ಎಣಿಸುತ್ತದೆ. ಲಿಂಕ್ ತುಂಬಿದ ಲೇಖನದಲ್ಲಿ ಇದು ಸಣ್ಣ ವಿಷಯ ಅಲ್ಲ. ಪ್ರತ್ಯಯವನ್ನೂ ಲಿಂಕ್ ಒಳಗೇ ಸೇರಿಸಿ ಬರೆಯುವುದು ಸುಲಭದ ದಾರಿ, ಓದಲೂ ಅದೇ ಚೆಂದ. ಎರಡೂ ಕಡೆ ಜಾಗ ಬಿಟ್ಟು ಹಾಕುವ ಉದ್ದ ಗೀಟೂ ಪದವಾಗಿಬಿಡುತ್ತದೆ. ಅಡಿಟಿಪ್ಪಣಿ, ಕೋಡ್ ಕೂಡ ಲೆಕ್ಕದಲ್ಲಿ ಸೇರುತ್ತವೆ. ಅವು ಬೇಡವಾದರೆ ಮೊದಲು ಅವನ್ನು ತೆಗೆದುಹಾಕುವ ಇನ್ನೊಂದು ಫಿಲ್ಟರ್ ಓಡಿಸಿ, ಆಮೇಲೆ ಎಣಿಸಬೇಕು. ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಕಮಾಂಡ್ ಲೈನ್ ಅಂದರೆ ದೂರ ಸರಿಯುವವರಿಗೆ ಇದು ಕಷ್ಟವೇ. ಅವರಿಗೆ ಲಿಬ್ರೆ ಆಫೀಸ್ ರೈಟರ್ ಸಾಕು, ಕೆಳಗಿನ ಪಟ್ಟಿಯಲ್ಲೇ ಎಣಿಕೆ ಕಾಣುತ್ತಿರುತ್ತದೆ.

ಇನ್ನು ಓದುವ ಸಮಯ. ಪ್ಯಾಂಡಾಕ್ ಇದನ್ನು ಕೊಡುವುದಿಲ್ಲ, ನಾವೇ ಭಾಗಿಸಿಕೊಳ್ಳಬೇಕು. ಕೊಡದೇ ಇರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬ್ಲಾಗ್ ತಾಣ ಮೀಡಿಯಂ ನಿಮಿಷಕ್ಕೆ 265 ಪದ ಅಂತ ಹಿಡಿಯುತ್ತದೆ, ಜೊತೆಗೆ ಮೊದಲ ಚಿತ್ರಕ್ಕೆ 12 ಸೆಕೆಂಡ್ ಸೇರಿಸುತ್ತದೆ. ಜಾಲತಾಣ ಕಟ್ಟಿಕೊಡುವ ಹ್ಯೂಗೋ ಎಂಬ ಸಾಫ್ಟ್‌ವೇರ್ ಪದಗಳನ್ನು 213ರಿಂದ ಭಾಗಿಸುತ್ತದೆ, ಚೀನಿ, ಜಪಾನಿ, ಕೊರಿಯನ್ ಬರಹಕ್ಕೆ 501ರಿಂದ. ಕನ್ನಡಕ್ಕೆ ಬೇರೆ ಸಂಖ್ಯೆ ಇಲ್ಲ. 2019ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರಿಸ್‌ಬಾರ್ಟ್ ಹಲವಾರು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಕಥೆಯಲ್ಲದ ಬರಹವನ್ನು ಮನಸ್ಸಿನಲ್ಲೇ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದ ಅಂತ ಬಂತು. ಅದು ಇಂಗ್ಲಿಷಿನ ಲೆಕ್ಕ. ನಮ್ಮಲ್ಲಿ 'ಹೋಗಬೇಕಾಗಿರುವವರಿಗೆ' ಒಂದೇ ಪದ, 'ಆ' ಕೂಡ ಒಂದೇ ಪದ. ಇಂಥ ಉದ್ದ ಪದಗಳು ಸಾಲುಸಾಲಾಗಿ ಬರುವ ಬರಹವನ್ನು 213ರಿಂದ ಭಾಗಿಸಿ 'ಆರು ನಿಮಿಷದ ಓದು' ಅಂತ ಹಾಕಿದರೆ ಓದುಗರಿಗೆ ಸುಳ್ಳು ಹೇಳಿದಂತೆ.

ಪದದ ಬದಲು ಅಕ್ಷರ ಎಣಿಸೋಣ ಅಂದರೆ ಅಲ್ಲೂ ತೊಡಕು. 'ಶಾಸ್ತ್ರ' ನಮಗೆ ಎರಡು ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ, ಅವನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8ರಲ್ಲಿ 21 ಬೈಟ್.

ನನ್ನ ಸಲಹೆ ಇಷ್ಟು. ನಿಮ್ಮದೇ ಬರಹದ ಒಂದೆರಡು ಪುಟವನ್ನು ಬೇರೆಯವರ ಕೈಗೆ ಕೊಟ್ಟು ಗಡಿಯಾರ ಇಟ್ಟು ಓದಿಸಿ, ನಿಮಿಷಕ್ಕೆ ಎಷ್ಟು ಪದ ಬಂತು ನೋಡಿ. ಪಾಡ್‌ಕಾಸ್ಟ್‌ಗೆ ಬರೆಯುವುದಾದರೆ ಗಟ್ಟಿಯಾಗಿ ಓದಿಸಿ, ಆ ವೇಗ ಇನ್ನೂ ಕಡಿಮೆ. ಹ್ಯೂಗೋ ಬಳಸುವವರು ಟೆಂಪ್ಲೇಟ್‌ನಲ್ಲಿ ಪದಗಳ ಎಣಿಕೆಯನ್ನು ಆ ಸಂಖ್ಯೆಯಿಂದಲೇ ಭಾಗಿಸಿಕೊಳ್ಳಬಹುದು, ಅದರ ಪದ ಎಣಿಕೆ ಕನ್ನಡಕ್ಕೂ ಸರಿಯಾಗಿಯೇ ಇದೆ.