ಬ್ಯಾಟರಿ ಬದಲಿಸುವ ಮುನ್ನ ಅರ್ತ್ ವೈರಿನ ಬೋಲ್ಟ್ ಬಿಚ್ಚಿ ನೋಡಿ

ಕೋಲಾರದ ಮಂಡಿಗೆ ಟೊಮೆಟೊ ಸಾಗಿಸುವ ನನ್ನ ಪಿಕಪ್ ಗಾಡಿಗೆ ಕಳೆದ ಮಳೆಗಾಲದಲ್ಲಿ ಆದದ್ದು ಬೇರೆಯವರ ಗಾಡಿಗೆ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕೀಲಿ ತಿರುಗಿಸಿದರೆ ಸೆಲ್ಫ್ ತಿರುಗದೆ ‘ಟಕ್ ಟಕ್’ ಎಂಬ ಸದ್ದಷ್ಟೇ ಬರುತ್ತಿತ್ತು. ಬಾನೆಟ್ ತೆರೆದು ವೈರುಗಳನ್ನು ಅಲುಗಾಡಿಸಿದರೆ ಏನೂ ಆಗಿಲ್ಲವೆಂಬಂತೆ ಇಂಜಿನ್ ಚಾಲೂ ಆಗುತ್ತಿತ್ತು. ಅಲುಗಾಡಿಸಿದರೆ ಸರಿಹೋಗುವ ದೋಷ ಬ್ಯಾಟರಿಯದ್ದಲ್ಲ, ಸಡಿಲ ಜೋಡಣೆಯದ್ದು ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹೆದ್ದಾರಿ ಪಕ್ಕದ ಎಲೆಕ್ಟ್ರಿಷಿಯನ್ ಒಬ್ಬರು ಮೀಟರನ್ನು ಕೈಗೆತ್ತಿಕೊಳ್ಳದೆಯೇ ಬ್ಯಾಟರಿ ಹೋಗಿದೆ ಎಂದರು. 6,500 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಹತ್ತೇ ದಿನಕ್ಕೆ ಅದೇ ಸದ್ದು ಮರಳಿತು, ಹೆಡ್‌ಲೈಟೂ ಮಂಕಾಯಿತು. ಆಗ ಅವರು ಬ್ಯಾಟರಿಯ ಕಡೆಯಿಂದ ಹೆಡ್‌ಲೈಟಿಗೆ ಬೇರೊಂದು ವೈರ್ ಎಳೆದು, ತುದಿಗಳನ್ನು ಬರಿಗೈಯಲ್ಲಿ ಹೊಸೆದು ಟೇಪ್ ಸುತ್ತಿ, ಡ್ಯಾಶ್‌ಬೋರ್ಡ್ ಹಿಂದಿನ ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಕೂಡ ಇಲ್ಲದೆ ತೂರಿಸಿದರು. ಗಾಡಿ ಕುಲುಕಿದಂತೆಲ್ಲ ತಗಡಿನ ಅಂಚು ವೈರಿನ ಸಿಪ್ಪೆಯನ್ನು ಸವೆಸುತ್ತಿತ್ತು. 15 ಆಂಪಿಯರ್ ಫ್ಯೂಸ್ ಎರಡು ಬಾರಿ ಸುಟ್ಟಿತು. ಮೂರನೆಯ ಬಾರಿ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸಿಕ್ಕಿಸಿ, ‘ಇನ್ನು ತೊಂದರೆ ಕೊಡಲ್ಲ ಬಿಡಿ ಅಣ್ಣ’ ಎಂದರು. ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದದ್ದು ಆ ಫ್ಯೂಸ್ ಒಂದೇ ಎಂಬುದು ನನಗೆ ಆಮೇಲೆ ತಿಳಿಯಿತು.

ಮೂರನೆಯ ರಾತ್ರಿ, 80 ಕ್ರೇಟ್ ಹೇರಿಕೊಂಡು ಹೊರಟಿದ್ದಾಗ, ಸ್ಟಿಯರಿಂಗ್ ಕೆಳಗಿನಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದು, ಹಿಂದೆಯೇ ಹೊಗೆ ಎದ್ದಿತು. ಇಂಜಿನ್ ನಿಲ್ಲಿಸಿ ಇಳಿದು ಬ್ಯಾಟರಿಯ ನೆಗೆಟಿವ್ ಕ್ಲ್ಯಾಂಪ್ ಹಿಡಿದೆಳೆದರೆ, ಸ್ಪ್ಯಾನರ್ ಬೇಕಾಗಲೇ ಇಲ್ಲ, ಕೈಗೇ ಕಳಚಿ ಬಂತು. ಅದನ್ನೂ ಅವರು ಬಿಗಿ ಮಾಡಿರಲಿಲ್ಲ. ಆ ಹೊತ್ತಿಗೆ ಅದೇ ನನ್ನನ್ನು ಉಳಿಸಿತು.

ಮರುದಿನ ಬಂದ ಹಿರಿಯ ಮೆಕ್ಯಾನಿಕ್ ಮೊದಲು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಇಂಜಿನ್ನಿನ ಮೈಗೂ ಒತ್ತಿ ಸೆಲ್ಫ್ ಹೊಡೆಯಲು ಹೇಳಿದರು. ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು 1.8 ತೋರಿಸಿತು. ಡೀಸೆಲ್ ಗಾಡಿಯ ಸೆಲ್ಫ್ 200 ಆಂಪಿಯರಿಗೂ ಹೆಚ್ಚು ಎಳೆಯಬಲ್ಲದು. ಅಷ್ಟು ಕರೆಂಟ್ ಹರಿಯುವಾಗ ಜೋಡಣೆಯಲ್ಲಿ 0.01 ಓಮ್ ತಡೆಯಿದ್ದರೂ 2 ವೋಲ್ಟ್ ಅಲ್ಲಿಯೇ ಸೋರಿಹೋಗುತ್ತದೆ. ಬ್ಯಾಟರಿಯ ನೆಗೆಟಿವ್‌ನಿಂದ ಛಾಸಿಗೆ ಸೇರುವ ಅರ್ತ್ ವೈರಿನ ಬೋಲ್ಟ್ ಬಿಚ್ಚಿದಾಗ ಲಗ್ಗಿನ (ವೈರಿನ ತುದಿಯ ಲೋಹದ ಬಳೆಯ) ಕೆಳಗೆ ಹಸಿರು ಕಿಲುಬು, ಅದರಡಿ ತುಕ್ಕು ಕಂಡಿತು. ಮರಳುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ ಒತ್ತಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದರು. ಇದಕ್ಕೆ ಆದ ಖರ್ಚು 350 ರೂಪಾಯಿ. ಸುಟ್ಟ ವೈರಿಂಗಿಗೆ ಮಾತ್ರ 4,200 ತೆರಬೇಕಾಯಿತು.

ಈ ಕೆಲಸವನ್ನು ನೀವೇ ಮಾಡುವುದಾದರೆ ಮೊದಲು ನೆಗೆಟಿವ್ ಕಳಚಿ, ಜೋಡಿಸುವಾಗ ಅದನ್ನು ಕೊನೆಗೆ ಹಾಕಿ. ನೆಗೆಟಿವ್ ಇರುವಾಗಲೇ ಪಾಸಿಟಿವ್ ಬಿಚ್ಚಹೋದರೆ, ಸ್ಪ್ಯಾನರ್ ಗಾಡಿಯ ಮೈಗೆ ತಗುಲಿದ ಕ್ಷಣವೇ ಕಿಡಿ ಹಾರುತ್ತದೆ.