ಡ್ರೋನೋ, ಫೋಮ್ ವಿಮಾನವೋ, ಗ್ಲೈಡರೋ? ಮೂರನ್ನೂ ಹಾರಿಸಿ, ಬೀಳಿಸಿ ನೋಡಿದ್ದು

ಮೊನ್ನೆ ಶಿವಮೊಗ್ಗದ ಗೋಪಾಳ ಬಡಾವಣೆಯಲ್ಲಿರುವ, ನಮ್ಮ ಜೊತೆ ಬ್ಯಾಂಕಿನಲ್ಲಿದ್ದ ಗೆಳೆಯರೊಬ್ಬರು ಫೋನ್ ಮಾಡಿದ್ದರು. "ರಿಟೈರ್ ಆಗಿ ಆರು ತಿಂಗಳಾಯ್ತು ಮಾರಾಯ್ರೆ. ವಾಕಿಂಗ್ ಮಾಡಿ ಮಾಡಿ ಗೋಪಾಳದ ನಾಯಿಗಳಿಗೆಲ್ಲ ನನ್ನ ಗುರುತಾಗಿದೆ. ನೀವು ಅದೇನೋ ಹಾರಿಸ್ತೀರಂತಲ್ಲ, ನಾನೂ ಒಂದು ತಗೊಳ್ಳಲಾ? ಡ್ರೋನ್ ಒಳ್ಳೇದಾ, ವಿಮಾನ ಒಳ್ಳೇದಾ?"

ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನನಗೀಗ 67. ಕಳೆದ ದೀಪಾವಳಿಯಿಂದ ಈಚೆಗೆ ಮೂರು ಬಗೆಯವನ್ನು ಹಾರಿಸಿದ್ದೇನೆ. ಒಂದು, ಕ್ಯಾಮೆರಾ ಇರುವ 249 ಗ್ರಾಂ ಡ್ರೋನ್. ಮದುವೆ ಫೋಟೋ ತೆಗೆಯುವ ಹುಡುಗನೊಬ್ಬನಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ 28 ಸಾವಿರಕ್ಕೆ ಕೊಂಡಿದ್ದು. ಎರಡು, ರೆಕ್ಕೆ 1.2 ಮೀಟರ್ ಉದ್ದ ಇರುವ ಫೋಮ್ ಟ್ರೇನರ್ ವಿಮಾನ. ರಿಮೋಟ್, ಎರಡು ಬ್ಯಾಟರಿ, ಚಾರ್ಜರ್ ಎಲ್ಲ ಸೇರಿ 19 ಸಾವಿರ. ಮೂರು, ಮೋಟರೇ ಇಲ್ಲದ ಗ್ಲೈಡರ್. ಫೋಮ್ ಬೋರ್ಡ್ ಕತ್ತರಿಸಿ ನಾನೇ ಮಾಡಿದ್ದು. ವಿಮಾನದ ರಿಮೋಟೇ ಇದಕ್ಕೂ ಆಗುವುದರಿಂದ ಖರ್ಚು ಎರಡೂವರೆ ಸಾವಿರ ದಾಟಲಿಲ್ಲ.

ಹುಚ್ಚು ಹೊಸದೇನಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾಗ ತಂತಿ ಕಟ್ಟಿ ಸುತ್ತ ತಿರುಗಿಸುವ ವಿಮಾನ ಹಾರಿಸಿದ್ದೆ. ಅದರ ಪುಟ್ಟ ಡೀಸೆಲ್ ಎಂಜಿನ್‌ಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿ ಹಾಕುತ್ತಿದ್ದೆವು. ಆ ವಾಸನೆ ಈಗಲೂ ಮೂಗಿನಲ್ಲಿದೆ. ತಲೆ ಸುತ್ತಿ ನಾನು ಬೀಳಬೇಕು, ಇಲ್ಲ ವಿಮಾನ ಬೀಳಬೇಕು, ಅಷ್ಟೇ ಆಗ ಇದ್ದ ಆಯ್ಕೆ.

ಮೊದಲು ಜಾಗದ ಮಾತು ಮುಗಿಸಿಬಿಡುತ್ತೇನೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಶಿವಮೊಗ್ಗದವರ ಲೆಕ್ಕ ಬದಲಾಗಿದೆ. 2021ರ ಡ್ರೋನ್ ನಿಯಮದಂತೆ ನಿಲ್ದಾಣದ ಬೇಲಿಯಿಂದ 5 ಕಿಲೋಮೀಟರ್ ಒಳಗಂತೂ ಮಾತೇ ಇಲ್ಲ. 5ರಿಂದ 8ರವರೆಗೆ ಹಳದಿ ವಲಯ, ಅನುಮತಿ ಬೇಕು. ಅನುಮತಿ ಇಲ್ಲದೆ 8ರಿಂದ 12ರವರೆಗೆ 200 ಅಡಿ ಎತ್ತರದ ತನಕ, ಅದರಾಚೆ ಹಸಿರು ವಲಯದಲ್ಲಿ 400 ಅಡಿ ತನಕ ಹಾರಿಸಬಹುದು. 250 ಗ್ರಾಂವರೆಗಿನ ಡ್ರೋನ್‌ಗೆ ಪೈಲಟ್ ಲೈಸೆನ್ಸ್ ಬೇಡ. 2 ಕೆ.ಜಿ.ವರೆಗಿನದಕ್ಕೂ, ವ್ಯಾಪಾರಕ್ಕಲ್ಲದೆ ಸ್ವಂತ ಖುಷಿಗೆ ಹಾರಿಸಿದರೆ ಬೇಡ. ಇನ್ನು ಶೆಟ್ಟಿಹಳ್ಳಿ ಅಭಯಾರಣ್ಯ, ಮಂಡಗದ್ದೆ ಪಕ್ಷಿಧಾಮ, ಲಿಂಗನಮಕ್ಕಿ ಅಣೆಕಟ್ಟು, ಇವುಗಳ ಕಡೆ ತಲೆ ಹಾಕಲೇಬೇಡಿ, ವಿಡಿಯೋ ಎಷ್ಟೇ ಚೆನ್ನಾಗಿ ಬರಲಿ. ನಮ್ಮ ಮನೆ ಎಷ್ಟನೇ ಕಿಲೋಮೀಟರ್‌ಗೆ ಬರುತ್ತದೆ ಎಂದು ಅಳೆಯುತ್ತಾ ಕೂರುವ ಬದಲು, ನಾನು ಎಲ್ಲವನ್ನೂ ಕಾರಿನ ಡಿಕ್ಕಿಗೆ ಹಾಕಿಕೊಂಡು ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಗೇ ಹೋಗುತ್ತೇನೆ. ಅಲ್ಲಿ ಕೊಯ್ಲಾದ ಗದ್ದೆ ಇದೆ, ಹಿಂದೆ ಬ್ಯಾಣ (ಹುಲ್ಲು ಬೆಳೆದ ಗುಡ್ಡ) ಇದೆ, ಮಧ್ಯೆ ಅಡಿಕೆ ತೋಟ ಇದೆ. ಈ ತೋಟದ ಕಥೆ ಆಮೇಲೆ.

ಡ್ರೋನ್ ಕಲಿಯೋದಕ್ಕೆ ನನಗೆ ಬೇಕಾಗಿದ್ದು ಅರ್ಧ ಗಂಟೆ. ಅಂಗಳದಲ್ಲಿ ಇಟ್ಟು, ಜಿಪಿಎಸ್ ಸಿಕ್ಕಿ, ಹೊರಟ ಜಾಗ ಅದಕ್ಕೆ ಗುರುತಾಗುವವರೆಗೆ ಕಾದರೆ ಸಾಕು. ಮೇಲೇರಿಸಿ ಕೈ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಗುಂಡಿ ಒತ್ತಿದರೆ ತಾನೇ ವಾಪಸ್ ಬರುತ್ತದೆ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಪಕ್ಕದಲ್ಲಿ ಕಾಫಿ ಇಟ್ಟುಕೊಂಡು ಹಾರಿಸಬಹುದು. ಮಂಡಿಗೆ ಕೆಲಸವೇ ಇಲ್ಲ. ನನ್ನ ಹೆಂಡತಿಗೆ ಮೂರರಲ್ಲಿ ಇದೇ ಇಷ್ಟ. "ಅದಕ್ಕೆ ವಾಪಸ್ ಬಾ ಅನ್ನೋ ಗುಂಡಿ ಇದೆ ಕಣ್ರೀ, ನಿಮಗಿಲ್ಲ" ಎನ್ನುತ್ತಾಳೆ. ಒಂದು ಎಚ್ಚರ: ತಾನೇ ವಾಪಸ್ ಬರುವಾಗ ಎಷ್ಟು ಎತ್ತರದಲ್ಲಿ ಬರಬೇಕು ಎಂದು ಮೊದಲೇ ಹೇಳಿಡಬೇಕು. ನಾನು 40 ಮೀಟರ್ ಇಟ್ಟಿದ್ದೇನೆ. ಕಡಿಮೆ ಇಟ್ಟರೆ ಮಧ್ಯೆ ಬರುವ ಮರಗಳು ಅದಕ್ಕೆ ಗೊತ್ತಾಗುವುದಿಲ್ಲ.

ತೊಂದರೆ ಆಗಿದ್ದು ಕಣ್ಣಿಗೆ. ನನಗೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ್ದು ಕನ್ನಡಕ ಇಲ್ಲದೆ ಕಾಣುವುದಿಲ್ಲ. ಡ್ರೋನ್‌ನಲ್ಲಿ ನೋಡಬೇಕಾದ್ದು ಎರಡು: ಆಕಾಶ, ಮೊಬೈಲ್ ಪರದೆ. ಕನ್ನಡಕ ಹಾಕಿದರೆ ಡ್ರೋನ್ ಮಾಯ, ತೆಗೆದರೆ ಪರದೆ ಮಾಯ. ಬೈಫೋಕಲ್ ಹಾಕಿಕೊಂಡು ಓತಿಕ್ಯಾತನ ಥರ ತಲೆ ಮೇಲೆ ಕೆಳಗೆ ಮಾಡುತ್ತಿದ್ದೆ. ಮೈಯೆಲ್ಲ ತಿಳಿ ಬೂದು ಬಣ್ಣ ಬೇರೆ. ನೂರು ಮೀಟರ್ ಆಚೆ ಹೋದರೆ ಬೆಳಗಿನ ಮಂಜಿನಲ್ಲಿ ಸೊಳ್ಳೆ ಹುಡುಕಿದ ಹಾಗೆ.

ಇನ್ನೊಂದು ತೊಂದರೆ ಊರಿನದು. ಡ್ರೋನ್ ಎಂದರೆ ನಮ್ಮ ಕಡೆ ಸರ್ವೆ ಎಂದೇ ಅರ್ಥ. ಒತ್ತುವರಿ ಯಾರ ತಲೆ ಮೇಲೆ ಇಲ್ಲ ಹೇಳಿ! ಎರಡನೇ ದಿನವೇ ಕೆಳಗಿನ ಮನೆಯವರು ಬಂದು, "ಏನ್ ಭಾವ, ನಮ್ಮ ತೋಟದ ಮೇಲೆ ಏನೋ ಓಡಾಡ್ತಾ ಇತ್ತು?" ಎಂದರು. ನಗುತ್ತಲೇ ಕೇಳಿದರು. ಆದರೆ ಕಾಫಿ ಬೇಡ ಎಂದು ಎದ್ದು ಹೋದರು. ಅವತ್ತಿನಿಂದ ನಮ್ಮ ಗಡಿ ಬಿಟ್ಟು ಅದನ್ನು ಆಚೆ ಕಳಿಸಿಲ್ಲ. ಗಡಿಯೊಳಗೇ ಹಾರಿಸಿದರೆ ಹತ್ತು ದಿನಕ್ಕೆ ನೋಡಿದ್ದನ್ನೇ ನೋಡಬೇಕು. ಒಂದು ಸಲ ಕಾಜಾಣವೊಂದು ಬಂದು ಅದನ್ನು ಅಟ್ಟಿಸಿಕೊಂಡು ಹೋಯಿತು. ಆ ಡ್ರೋನ್‌ನಿಂದ ನನಗೆ ಸಿಕ್ಕ ಅತಿ ದೊಡ್ಡ ಮನರಂಜನೆ ಅದೇ.

ಫೋಮ್ ವಿಮಾನ ಬೇರೆ ಜಾತಿ. ಅದಕ್ಕೆ ನಿಲ್ಲುವುದು ಗೊತ್ತಿಲ್ಲ, ನೀವೇ ಹಾರಿಸುತ್ತಲೇ ಇರಬೇಕು. ದೂರ ಹೋಗುವಾಗ ಎಲ್ಲ ಸರಿ. ತಿರುಗಿ ನಮ್ಮ ಕಡೆಗೆ ಬರುವಾಗ ಎಡ ಬಲ ಅದಲುಬದಲು. ರಿಮೋಟ್‌ನ ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ನಮ್ಮ ಕಣ್ಣಿಗೆ ಬಲಕ್ಕೆ ಹೋಗುತ್ತದೆ. ವಯಸ್ಸಾದ ತಲೆಗೆ ಇದು ಸುಲಭಕ್ಕೆ ಇಳಿಯುವುದಿಲ್ಲ. ನನ್ನನ್ನು ಉಳಿಸಿದ್ದು ಒಂದೇ ಉಪಾಯ: ವಿಮಾನ ಎದುರಿಗೆ ಬರುತ್ತಿರುವಾಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕಡ್ಡಿ ತಳ್ಳುವುದು, ಬೀಳುತ್ತಿರುವ ಗೋಡೆಗೆ ಊರುಗೋಲು ಕೊಟ್ಟ ಹಾಗೆ. ಮೂರು ವಾರ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಇದನ್ನೇ ಮಾಡಿದೆ. ಅಲ್ಲಿ ಎಷ್ಟು ವಿಮಾನ ಬೀಳಿಸಿದರೂ ದುಡ್ಡು ಹೋಗುವುದಿಲ್ಲ.

ಆದರೂ ಮೊದಲ ವಾರವೇ ಅಡಿಕೆ ಮರ ಸೇರಿತು. ತುದಿಯ ಸೋಗೆಯಲ್ಲಿ ಕಿತ್ತಳೆ ಬಣ್ಣದ ರೆಕ್ಕೆ ಸಿಕ್ಕಿಕೊಂಡು ಗಾಳಿಗೆ ಅಲ್ಲಾಡುತ್ತಿತ್ತು. ಕೊನೆ (ಅಡಿಕೆ ಗೊನೆ) ತೆಗೆಯಲು ಬಂದಿದ್ದವನು ತಲೆ ಎತ್ತಿ ನೋಡಿ, "ಅಯ್ಯ, ಈ ಸಲ ಮರ ಕೊನೆ ಜೊತೆಗೆ ವಿಮಾನಾನೂ ಬಿಟ್ಟಿದೆಯಲ್ಲ" ಎಂದ. ಕಾರ್ಬನ್ ಫೈಬರ್ ದೋಟಿ ಉದ್ದ ಮಾಡಿ, ಕೊನೆ ಇಳಿಸುವಷ್ಟೇ ನಾಜೂಕಾಗಿ ಬಿಡಿಸಿ ಇಳಿಸಿದ. ಮೂತಿ ಮುರಿದಿತ್ತು, ರೆಕ್ಕೆ ಒಂದು ಕಡೆ ಸೀಳಿತ್ತು. ಬಿಸಿ ಗೋಂದು, ಟೇಪು, ಒಂದು ಬಿದಿರು ಕಡ್ಡಿ ಸಾಕಾಯಿತು. ಮಾರನೇ ದಿನ ಮತ್ತೆ ಹಾರಿತು. ಆದರೆ ಡ್ರೋನ್‌ನ ಕ್ಯಾಮೆರಾ ಹಿಡಿಯುವ ಭಾಗ ಒಮ್ಮೆ ಕೆಟ್ಟಾಗ ರಿಪೇರಿಯವರು ಎರಡು ತಿಂಗಳು ಇಟ್ಟುಕೊಂಡು ಹಾಗೇ ವಾಪಸ್ ಕೊಟ್ಟಿದ್ದರು. 2022ರ ಫೆಬ್ರವರಿಯಿಂದ ಹೊರದೇಶದ ಸಿದ್ಧ ಡ್ರೋನ್ ಆಮದಿಗೆ ತಡೆ ಇರುವುದರಿಂದ ಹೊಸದು ಕೊಳ್ಳುತ್ತೇನೆ ಎಂದರೂ ಆಯ್ಕೆ ಕಮ್ಮಿ.

ಗದ್ದೆಯಲ್ಲಿ ಇಳಿಸುವುದು ಇನ್ನೊಂದು ಪಾಠ. ಚಕ್ರ ಕೂಳೆಗೆ ಸಿಕ್ಕಿ ವಿಮಾನ ಪ್ರತಿಸಲ ಮುಗ್ಗರಿಸುತ್ತಿತ್ತು. ಕೊನೆಗೆ ಚಕ್ರವನ್ನೇ ಕಿತ್ತುಹಾಕಿ, ಹೊಟ್ಟೆಯ ಕೆಳಗೆ ಅಡಿಕೆ ಹಾಳೆಯ ಒಂದು ತುಂಡು ಅಂಟಿಸಿದೆ. ನುಣುಪು ಮೈ ಹೊರಗೆ, ತುದಿ ಸ್ವಲ್ಪ ಮೇಲಕ್ಕೆ ಬಾಗಿದ ಹಾಗೆ. ಚಿಕ್ಕವರಿದ್ದಾಗ ಹಾಳೆ ಮೇಲೆ ಕೂತು ಎಳೆಸಿಕೊಂಡು ಜಾರುತ್ತಿರಲಿಲ್ವಾ, ಹಾಗೆ ಈಗ ವಿಮಾನ ಸರ್ರನೆ ಜಾರಿ ನಿಲ್ಲುತ್ತದೆ. ಒಣಗಿ ಸೀಳಿದರೆ ಇನ್ನೊಂದು ಹಾಳೆ, ತೋಟದಲ್ಲಿ ಅದಕ್ಕೇನು ಬರ?

ಕೈ ನಡುಗುವವರು ಹೆದರಬೇಕಾಗಿಲ್ಲ. ರಿಮೋಟ್‌ನಲ್ಲಿ ಎಕ್ಸ್‌ಪೋ ಎಂಬ ಸೆಟ್ಟಿಂಗ್ ಇರುತ್ತದೆ. ನಾನು 30 ಪರ್ಸೆಂಟ್ ಇಟ್ಟಿದ್ದೇನೆ. ಕಡ್ಡಿ ನಡುವೆ ಇರುವಾಗ ಸಣ್ಣಪುಟ್ಟ ನಡುಕಕ್ಕೆ ವಿಮಾನ ಅಷ್ಟಾಗಿ ಕಿವಿಗೊಡುವುದಿಲ್ಲ. ಬರೀ ಹೆಬ್ಬೆರಳಲ್ಲಿ ತಳ್ಳುವ ಬದಲು ನಶ್ಯ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದರೆ ಇನ್ನೂ ಸ್ಥಿರ. ಹೆದರಬೇಕಾದ್ದು ಪ್ರೊಪೆಲ್ಲರ್‌ಗೆ. ನಾನು ರಕ್ತ ತೆಳುವಾಗುವ ಮಾತ್ರೆ ನುಂಗುವವನು, ಒಮ್ಮೆ ಬೆರಳು ತಾಗಿ ಅರ್ಧ ಟವೆಲ್ ಕೆಂಪಾಯಿತು. ಈಗ ಕ್ರಮ ತಪ್ಪಿಸುವುದಿಲ್ಲ: ಮೊದಲು ರಿಮೋಟ್ ಆನ್, ಥ್ರಾಟಲ್ (ಮೋಟರ್ ವೇಗದ ಕಡ್ಡಿ) ಪೂರ್ತಿ ಕೆಳಗೆ, ಕಟ್ಟಕಡೆಗೆ ಬ್ಯಾಟರಿ. ತೆಗೆಯುವಾಗ ಮೊದಲು ಬ್ಯಾಟರಿ.

ಬ್ಯಾಟರಿ ಎಂದಾಗ ನೆನಪಾಯಿತು. ಈ ಲಿಥಿಯಂ ಪಾಲಿಮರ್ ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿ ಮಳೆಗಾಲ ಕಳೆಯುವವರೆಗೆ ಅಟ್ಟದಲ್ಲಿಟ್ಟರೆ ಹಲಸಿನ ಹಪ್ಪಳದಂತೆ ಉಬ್ಬುತ್ತವೆ. ಸೆಲ್ ಒಂದಕ್ಕೆ 4.2 ವೋಲ್ಟ್ ಪೂರ್ತಿ ಚಾರ್ಜ್, ಬಳಸದೆ ಎತ್ತಿಡುವಾಗ 3.8. ಚಾರ್ಜಿಗೆ ಹಾಕಿ ಮಲಗಬೇಡಿ. ನಾನು ಅಂಗಳದ ಕಲ್ಲಿನ ಮೇಲಿಟ್ಟು, ಪಕ್ಕದಲ್ಲೇ ಪೇಪರ್ ಓದುತ್ತಾ ಕೂರುತ್ತೇನೆ.

ಗ್ಲೈಡರ್ ಬಗ್ಗೆ ಹೇಳುವುದು ಕಮ್ಮಿ, ಮನಸ್ಸಿನಲ್ಲಿರುವುದು ಜಾಸ್ತಿ. ಮಾಡುವಾಗಲೇ ಅರ್ಧ ಸುಖ. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಷ್ಟು ಹಿಂದೆ ಎರಡು ಬೆರಳಿಟ್ಟು ಎತ್ತಿದರೆ ತಕ್ಕಡಿಯಂತೆ ಸಮ ನಿಲ್ಲಬೇಕು. ನನ್ನದು ಬಾಲ ಭಾರವಾಗಿತ್ತು. ಮೂತಿಗೆ ಹಳೇ ಒಂದು ರೂಪಾಯಿ ನಾಣ್ಯ ಐದು ಅಂಟಿಸಿದ ಮೇಲೆ ಸರಿಹೋಯಿತು. ಮಧ್ಯಾಹ್ನ ಪಡುವಣ ಗಾಳಿ ಬ್ಯಾಣದ ಇಳಿಜಾರಿಗೆ ಬಡಿದು ಮೇಲೇಳುತ್ತದೆ. ಅದರ ಎದುರಿಗೆ ಎಸೆದರೆ ಸದ್ದಿಲ್ಲದೆ ತೇಲುತ್ತದೆ. ಗರುಡ ಎಲ್ಲಿ ರೆಕ್ಕೆ ಬಡಿಯದೆ ಸುತ್ತು ಹಾಕುತ್ತಿದೆಯೋ ಅಲ್ಲಿಗೆ ತಿರುಗಿಸಿದರೆ ಇದೂ ಏರುತ್ತದೆ. ಒಂದು ದಿನ 14 ನಿಮಿಷ ಇಳಿಯಲೇ ಇಲ್ಲ. ಆದರೆ ಇಳಿದಾಗ ಬ್ಯಾಣದ ಬುಡದಲ್ಲಿ ಇಳಿಯಿತು. ಅದನ್ನು ತರಲು ಹೋಗಿ, ಮತ್ತೆ ಹತ್ತಿ ಬರುವಷ್ಟರಲ್ಲಿ ಮಂಡಿ ಎರಡು ದಿನ ಮಾತಾಡಿಸಲಿಲ್ಲ. ಮೊಮ್ಮಕ್ಕಳು ರಜೆಗೆ ಬಂದಾಗ ಮಾತ್ರ ಈಗ ಅದು ಹೊರಗೆ ಬರುತ್ತದೆ. ನಾನು ಮೇಲೆ ನಿಂತು ಹಾರಿಸುತ್ತೇನೆ, ಅವರು ಕೆಳಗೆ ಓಡುತ್ತಾರೆ.

ಹಾಗಾಗಿ ಗೋಪಾಳದ ಗೆಳೆಯರಿಗೆ ನನ್ನ ಮಾತು: ಫೋಮ್ ವಿಮಾನ ತಗೊಳ್ಳಿ. ಅದು ಬೀಳುತ್ತದೆ, ನೀವು ಅಂಟಿಸುತ್ತೀರಿ, ಸಂಜೆ ಹೇಗೆ ಕಳೆಯಿತೆಂದೇ ಗೊತ್ತಾಗುವುದಿಲ್ಲ. ಡ್ರೋನ್ ಹಾರುವಾಗ ದೂರ ನಿಂತು ನೋಡಿದ ಊರವರು, ಇದು ಹಾರುವಾಗ ಗದ್ದೆ ಅಂಚಿಗೆ ಬಂದು ಕೂರುತ್ತಾರೆ. ಕಾಫಿ ಬೇಡ ಎಂದು ಎದ್ದು ಹೋದ ಕೆಳಗಿನ ಮನೆಯವರೂ ಬರುತ್ತಾರೆ. ಹಾರಿಸುವುದು ಹೇಗೆಂದು ನನಗೇ ಹೇಳಿಕೊಡುತ್ತಾರೆ.

ಡ್ರೋನ್ ಮಾರುತ್ತೀರಾ ಎಂದು ಮಾತ್ರ ಕೇಳಬೇಡಿ. ಮಳೆಗಾಲಕ್ಕೆ ಮುಂಚೆ ಮಂಗಗಳು ಮನೆಯ ಹೆಂಚು ಎಲ್ಲೆಲ್ಲಿ ಒಡೆದು ಹಾಕಿವೆ ಎಂದು ನೋಡಲು ಈಗ ನಾನು ಏಣಿ ಹತ್ತಬೇಕಾಗಿಲ್ಲ. ಈ ಸಲ ಹನ್ನೊಂದು ಹೆಂಚು, ಅದರಲ್ಲಿ ನಾಲ್ಕು ದೇವರ ಕೋಣೆಯ ಮೇಲೆ.